ಯೆಹೂದಿ ಎಂಬ ಹೆಸರಿನ ಪಿಟೀಲುಗಾರ

ಕನ್ನಡದ ಓದುಗರಿಗೆ ಯೆಹೂದಿ ಮೆನುಹಿನ್ ಎಂಬ ಹೆಸರು ಪರಿಚಯವಾದದ್ದು ಸಂಗೀತದಿಂದಲ್ಲ, ಶೀರ್ಷಾಸನದಿಂದ. ಯೋಗದ ಹಿರಿಮೆ ಸಾರುವ ಲೇಖನಗಳಲ್ಲಿ, ಭಾಷಣಗಳಲ್ಲಿ, ಅದರಲ್ಲೂ 2015ರಿಂದ ಈಚೆಗೆ ಜೂನ್ 21ರ ಆಸುಪಾಸಿನಲ್ಲಿ ಈ ಹೆಸರು ಮೇಲೆದ್ದು ಬರುತ್ತದೆ. ಕಥೆ ಬಹುಮಂದಿಗೆ ಬಾಯಿಪಾಠ. ಜಗತ್ಪ್ರಸಿದ್ಧ ಪಿಟೀಲುಗಾರರೊಬ್ಬರು 1952ರಲ್ಲಿ ಭಾರತಕ್ಕೆ ಬಂದರು. ಪ್ರಧಾನಿ ನೆಹರೂ ಸವಾಲು ಹಾಕಿದ್ದಕ್ಕೆ ಅವರೊಂದಿಗೆ ತಲೆಕೆಳಗಾಗಿ ನಿಂತರು. ಮುಂಬಯಿಯಲ್ಲಿ ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರ ಶಿಷ್ಯರಾದರು, ಎರಡು ವರ್ಷದ ಮೇಲೆ ಅವರಿಗೊಂದು ಕೈಗಡಿಯಾರ ಕೊಟ್ಟು ಅದರ ಬೆನ್ನಿನ ಮೇಲೆ ‘ನನ್ನ ಅತ್ಯುತ್ತಮ ಪಿಟೀಲು ಗುರುವಿಗೆ’ ಎಂದು ಕೆತ್ತಿಸಿದರು. ಅಲ್ಲಿಗೆ ಚಪ್ಪಾಳೆ. ಪಶ್ಚಿಮ ನಮ್ಮ ಕಾಲಿಗೆ ಬಿತ್ತು ಎಂಬ ಸಮಾಧಾನದೊಂದಿಗೆ ಸಭೆ ಮುಕ್ತಾಯ.

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ನಮ್ಮ ತಕರಾರಿರುವುದು ಹೇಳಿದ್ದರ ಬಗ್ಗೆ ಅಲ್ಲ, ಹೇಳದೆ ಬಿಟ್ಟದ್ದರ ಬಗ್ಗೆ. ಎಂಬತ್ತೆರಡು ವರ್ಷ ಬಾಳಿದ ಮನುಷ್ಯನನ್ನು ಒಂದು ಪ್ರಶಂಸಾಪತ್ರದ ಹಾಗೆ ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಳ್ಳುವುದು ಅವರಿಗೆ ಮಾಡುವ ಗೌರವವಲ್ಲ. ಗಡಿಯಾರದ ಕಥೆಯನ್ನು ಇಷ್ಟು ಸಲ ಹೇಳಿದವರಲ್ಲಿ ಒಬ್ಬರಾದರೂ ಒಂದು ಸರಳ ಪ್ರಶ್ನೆ ಕೇಳಿದ್ದನ್ನು ನಾವು ಕಂಡಿಲ್ಲ. ಹನ್ನೊಂದನೇ ವಯಸ್ಸಿಗೇ ನ್ಯೂಯಾರ್ಕನ್ನು ಗೆದ್ದಿದ್ದ ಕಲಾವಿದನಿಗೆ ಮೂವತ್ತೈದು ದಾಟಿದ ಮೇಲೆ ಹೊಸದಾಗಿ ಒಬ್ಬ ‘ಪಿಟೀಲು ಗುರು’ ಯಾಕೆ ಬೇಕಾಯಿತು? ಅದೂ ಪಿಟೀಲನ್ನೇ ಮುಟ್ಟದ ಗುರು?

ಮೆನುಹಿನ್ ಹುಟ್ಟಿದ್ದು 1916ರ ಏಪ್ರಿಲ್ 22ರಂದು ನ್ಯೂಯಾರ್ಕಿನಲ್ಲಿ, ಬೆಳೆದದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಅಪ್ಪ ಮೋಶೆ, ಅಮ್ಮ ಮಾರುತಾ ಇಬ್ಬರೂ ವಲಸೆ ಬಂದ ಯಹೂದಿಗಳು, ಹೀಬ್ರೂ ಪಾಠ ಹೇಳಿ ಸಂಸಾರ ತೂಗಿಸಿದವರು. ನಾಲ್ಕು ವರ್ಷದ ಹುಡುಗನಿಗೆ ಯಾರೋ ತಗಡಿನ ಆಟಿಕೆ ಪಿಟೀಲು ತಂದುಕೊಟ್ಟರೆ, ಇದು ಹಾಡುವುದೇ ಇಲ್ಲ ಎಂದು ನೆಲಕ್ಕೆ ಬಡಿದು ಅತ್ತನಂತೆ. ಏಳು ವರ್ಷಕ್ಕೆ ಸಭೆ ಹತ್ತಿದ. 1927ರಲ್ಲಿ ಕಾರ್ನೆಗಿ ಹಾಲಿನಲ್ಲಿ ಬೀಥೋವನ್ನನ ಕಾನ್ಸರ್ಟೊ ನುಡಿಸಿದಾಗ ಹನ್ನೊಂದು ವರ್ಷ. ಬಿರಡೆ ತಿರುಗಿಸುವಷ್ಟು ಬಲ ಬೆರಳಿಗಿರಲಿಲ್ಲ, ಶ್ರುತಿ ಮಾಡಿಕೊಡಲು ಬೇರೆಯವರ ಕೈಗೆ ಕೊಡಬೇಕಾಗಿತ್ತು. 1929ರಲ್ಲಿ ಬರ್ಲಿನ್‌ನಲ್ಲಿ ಬ್ರೂನೊ ವಾಲ್ಟರ್ ನಿರ್ದೇಶನದಲ್ಲಿ ಬಾಖ್, ಬೀಥೋವನ್, ಬ್ರಾಮ್ಸ್ ಮೂವರ ಕಾನ್ಸರ್ಟೊಗಳನ್ನು ಒಂದೇ ಸಂಜೆ ನುಡಿಸಿದ. 1932ರಲ್ಲಿ ಇಂಗ್ಲೆಂಡಿನ ಸಂಗೀತಕಾರ ಎಡ್ವರ್ಡ್ ಎಲ್ಗರ್ ತನ್ನ ಕಾನ್ಸರ್ಟೊವನ್ನು ಧ್ವನಿಮುದ್ರಿಸಲು ಈ ಹದಿನಾರರ ಹುಡುಗನನ್ನು ಜೊತೆಗಿಟ್ಟುಕೊಂಡ. ಅಭ್ಯಾಸಕ್ಕೆಂದು ಬಂದವನ ವಾದನವನ್ನು ಸ್ವಲ್ಪ ಹೊತ್ತು ಕೇಳಿದ ಮುದುಕ ಎಲ್ಗರ್, ಇನ್ನು ನನಗೇನು ಕೆಲಸ ಎಂದು ಕುದುರೆ ಪಂದ್ಯಕ್ಕೆ ಹೊರಟುಬಿಟ್ಟನಂತೆ. ಆ ರೆಕಾರ್ಡು ಇಂದಿಗೂ ಕೇಳಸಿಗುತ್ತದೆ. ಕೇಳಿದವರು ಹದಿನಾರು ವರ್ಷ ಎಂಬುದನ್ನು ನಂಬುವುದು ಕಷ್ಟ.

ನಮ್ಮ ಟಿವಿಗಳಲ್ಲಿ ಏಳೆಂಟು ವರ್ಷದ ಮಕ್ಕಳನ್ನು ದೀಪಗಳ ಕೆಳಗೆ ನಿಲ್ಲಿಸಿ, ಅಂಕ ಕೊಟ್ಟು, ಅಳಿಸಿ, ಅಳುವುದನ್ನು ಮತ್ತೆ ಮತ್ತೆ ತೋರಿಸಿ ‘ಬಾಲಪ್ರತಿಭೆ’ ಎನ್ನುವವರು ಇಲ್ಲಿಂದ ಮುಂದಿನ ಕಥೆಯನ್ನು ಓದಬೇಕು. ಈ ಹುಡುಗ ಶಾಲೆಗೆ ಹೋಗಿದ್ದು ಒಂದೇ ದಿನ. ಪ್ಯಾರಿಸಿನಲ್ಲಿ ಜಾರ್ಜ್ ಎನೆಸ್ಕು, ಆಮೇಲೆ ಬಾಸೆಲ್‌ನಲ್ಲಿ ಅಡಾಲ್ಫ್ ಬುಶ್ ಎಂಬ ಮಹಾಗುರುಗಳು ಸಿಕ್ಕರು ನಿಜ. ಆದರೆ ಹುಡುಗ ಎಲ್ಲವನ್ನೂ ಹಕ್ಕಿ ಹಾರುವ ಹಾಗೆ ಮಾಡುತ್ತಿದ್ದ. ರೆಕ್ಕೆ ಹೇಗೆ ಬಡಿಯುತ್ತದೆ ಎಂದು ಯಾರೂ ಹೇಳಿಕೊಡಲಿಲ್ಲ, ಹೇಳಿಕೊಡುವ ಅಗತ್ಯ ಕಾಣಲಿಲ್ಲ. ಸ್ವರಾಭ್ಯಾಸದ ಮೆಟ್ಟಿಲು ಹತ್ತದೆ ನೇರ ಮಾಳಿಗೆಗೆ ಹಾರಿದವನು ಅವನು. ಎರಡನೇ ಮಹಾಯುದ್ಧ ಬಂತು. ಮಿತ್ರಪಡೆಗಳ ಸೈನಿಕರಿಗಾಗಿ ಐನೂರಕ್ಕೂ ಹೆಚ್ಚು ಕಛೇರಿಗಳು, ರಿಯಾಜಿಗೆ ಸಮಯವಿಲ್ಲ, ನಿದ್ದೆಗೂ ಇಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಬಲಗೈ ಮಾತು ಕೇಳದಾಗಿತ್ತು. ತಂತಿಯ ಮೇಲೆ ಕಮಾನು ನಡುಗತೊಡಗಿತು. ಸರಿಪಡಿಸೋಣವೆಂದರೆ, ಸರಿಯಿದ್ದಾಗ ಅದು ಹೇಗೆ ಸರಿಯಿತ್ತು ಎಂಬುದೇ ಅವರಿಗೆ ತಿಳಿಯದು.

ಇಲ್ಲಿ ಪಶ್ಚಿಮದ ಹಲವು ವಿಮರ್ಶಕರು ತಮ್ಮ ಖಾತೆ ಪುಸ್ತಕವನ್ನು ಮುಚ್ಚುತ್ತಾರೆ. ಮೂವತ್ತರವರೆಗೆ ಜಮೆ, ಆಮೇಲೆ ಬರೀ ಖರ್ಚು. ಬಾಲ್ಯದಲ್ಲಿ ದೇವದೂತ, ನಡುವಯಸ್ಸಿನಲ್ಲಿ ಅಪಸ್ವರ, ಕೊನೆಗೆ ಊರೂರು ತಿರುಗಿ ಶಾಂತಿಯ ಬಗ್ಗೆ ಮಾತಾಡುವ ಹಿರಿಯ. ನಾವು ಈ ಲೆಕ್ಕವನ್ನು ಒಪ್ಪುವುದಿಲ್ಲ. ಕಿವಿಯ ಲೆಕ್ಕದಲ್ಲಿ ಅವರು ಹೇಳುವುದರಲ್ಲಿ ಹುರುಳಿದೆ. ಐವತ್ತರ ದಶಕದ ನಂತರದ ಎಷ್ಟೋ ಮುದ್ರಣಗಳಲ್ಲಿ ಒರಟುತನ ಕೇಳಿಸುತ್ತದೆ. ಆದರೆ ಒಬ್ಬ ಕಲಾವಿದನ ಬದುಕೆಂದರೆ ಅವನ ಬಲಗೈಯ ಆರೋಗ್ಯದ ವರದಿಯಲ್ಲ. ನಮ್ಮ ಅಭಿಪ್ರಾಯದಲ್ಲಿ ಮೆನುಹಿನ್ನರ ನಿಜವಾದ ವೃತ್ತಿಜೀವನ ಶುರುವಾದದ್ದೇ ಕೈ ನಡುಗಿದ ಮೇಲೆ.

ಯಾಕೆಂದರೆ ಆಗ ಅವರು ಮಾಡಿದ್ದು ಹೆಸರಾಂತರು ಸಾಮಾನ್ಯವಾಗಿ ಮಾಡದ ಕೆಲಸ. ಜಗತ್ತಿನ ಯಾವ ಊರಿನಲ್ಲಿ ನುಡಿಸಿದರೂ ಸಭಾಂಗಣ ತುಂಬುತ್ತಿದ್ದ ಕಾಲದಲ್ಲೇ ಅವರು ಮತ್ತೆ ಒಂದನೇ ತರಗತಿಗೆ ಹೋಗಿ ಕುಳಿತರು. ಕಮಾನು ಹಿಡಿಯುವುದು ಹೇಗೆ, ನಿಲ್ಲುವುದು ಹೇಗೆ, ಉಸಿರಾಡುವುದು ಹೇಗೆ ಎಂದು ತಮ್ಮ ದೇಹವನ್ನೇ ಗಡಿಯಾರದ ಹಾಗೆ ಬಿಚ್ಚಿ ಹರಡಿಕೊಂಡರು. 1951ರಲ್ಲಿ ನ್ಯೂಜಿಲೆಂಡಿನ ವೈದ್ಯರೊಬ್ಬರ ಕೋಣೆಯ ಹೊರಗೆ ಕಾಯುತ್ತ ಕೂತಿದ್ದಾಗ ಯೋಗಾಸನದ ಪುಟ್ಟ ಪುಸ್ತಕವೊಂದು ಕೈಗೆ ಸಿಕ್ಕಿತು. ಮರುವರ್ಷ ಮುಂಬಯಿಯಲ್ಲಿ ಅಯ್ಯಂಗಾರ್ ಭೇಟಿ. ಬಿಡುವಿರುವುದು ಐದೇ ನಿಮಿಷ ಎಂದು ಶುರುವಾದದ್ದು ಗಂಟೆಗಟ್ಟಲೆ ನಡೆಯಿತು.

ಅಯ್ಯಂಗಾರರ ಹಿನ್ನೆಲೆಯನ್ನೂ ಇಲ್ಲಿ ನೆನೆಯಬೇಕು. 1918ರ ಇನ್‌ಫ್ಲುಯೆಂಜಾ ಮಾರಿಯ ದಿನಗಳಲ್ಲಿ, ಕಾಯಿಲೆ ಬಿದ್ದ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ನರಪೇತಲ ಮಗು, ಒಂಬತ್ತಕ್ಕೆ ತಂದೆಯಿಲ್ಲ, ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಬಿರುಸಿನ ಶಿಕ್ಷಣ, 1937ರಿಂದ ಪುಣೆಯಲ್ಲಿ ಹೊಟ್ಟೆಗೆ ಹಿಟ್ಟಿಲ್ಲದ ವರ್ಷಗಳು. ಅಂದರೆ ಹುಟ್ಟಿನಿಂದ ವರವಾಗಿ ಬಂದದ್ದು ಇವರಿಗೆ ಏನೂ ಇರಲಿಲ್ಲ. ಪ್ರತಿಯೊಂದು ಕೀಲನ್ನೂ ಕಷ್ಟಪಟ್ಟು ಕಲಿತವರು. ವರವಾಗಿ ಎಲ್ಲವನ್ನೂ ಪಡೆದು ಕಳೆದುಕೊಂಡವರಿಗೆ ಏನೂ ಪಡೆಯದೆ ಕಲಿತವರು ಗುರುವಾದರು. ಈ ಭೇಟಿಯ ಸ್ವಾರಸ್ಯ ಇರುವುದು ಇಲ್ಲಿ. ಇದನ್ನು ಬಿಟ್ಟು ‘ನೋಡಿ, ಬಿಳಿಯ ನಮ್ಮ ಯೋಗವನ್ನು ಒಪ್ಪಿಕೊಂಡ’ ಎಂದು ಎದೆ ಉಬ್ಬಿಸುವವರಿಗೆ ಕಲಿಕೆ ಎಂಬ ಪದದ ಅರ್ಥವೇ ತಿಳಿದಿಲ್ಲ. ತಗ್ಗಿದ್ದು ಅವರು, ಉಬ್ಬುತ್ತಿರುವುದು ಇವರು.

ಗಡಿಯಾರದ ಕಥೆ ಹೇಳುವವರು ಸರೋದದ ಕಥೆಯನ್ನು ಹೇಳುವುದಿಲ್ಲ ಎಂಬುದನ್ನೂ ನಾವು ಗಮನಿಸಿದ್ದೇವೆ. 1952ರ ಪ್ರವಾಸದಲ್ಲಿ ಮೆನುಹಿನ್ನರ ಮನಸ್ಸನ್ನು ಯೋಗದಷ್ಟೇ ಕಲಕಿದ್ದು ನಮ್ಮ ಸಂಗೀತ. 1955ರಲ್ಲಿ ಅವರು ರವಿಶಂಕರರನ್ನು ಅಮೆರಿಕೆಗೆ ಕರೆದರು; ಅವರಿಗೆ ಹೋಗಲಾಗದೆ ಉಸ್ತಾದ್ ಅಲಿ ಅಕ್ಬರ್ ಖಾನರ ಹೆಸರು ಹೇಳಿದರು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಖಾನ್ ಸಾಹೇಬರು ಸರೋದ್ ನುಡಿಸಿದರು, ತಬಲಾದಲ್ಲಿ ಚತುರ್‌ಲಾಲ್. ಸಭೆಗೆ ಅವರನ್ನು ಪರಿಚಯಿಸಿದ್ದು ಸ್ವತಃ ಮೆನುಹಿನ್. ಅದೇ ಸಂದರ್ಭದಲ್ಲಿ ಹೊರಬಂದ ಧ್ವನಿಮುದ್ರಿಕೆಯಲ್ಲೂ ರಾಗ ತಾಳಗಳನ್ನು ವಿವರಿಸುವ ಧ್ವನಿ ಅವರದೇ. ಹಿಂದುಸ್ತಾನಿ ಸಂಗೀತಕ್ಕೆ ಅಮೆರಿಕದ ಬಾಗಿಲು ತೆರೆದದ್ದು ಹೀಗೆ. ಅಲಿ ಅಕ್ಬರರೂ ಮುಂದೆ 1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಲೇಜು ತೆರೆದು 2009ರಲ್ಲಿ ಕಣ್ಣು ಮುಚ್ಚುವವರೆಗೂ ಪಾಠ ಹೇಳುತ್ತಲೇ ಇದ್ದರು. ಅಲಿ ಅಕ್ಬರ್, ರವಿಶಂಕರ್ ಇಬ್ಬರಿಗೂ ಗುರು ಮೈಹರಿನ ಬಾಬಾ ಅಲ್ಲಾವುದ್ದೀನ್ ಖಾನ್. ಐದು ಹೊತ್ತು ನಮಾಜು ಮಾಡುತ್ತ ಶಾರದೆಯ ಗುಡಿಯ ಮೆಟ್ಟಿಲೂ ಹತ್ತುತ್ತಿದ್ದ, ಸರೋದಿನ ಜೊತೆ ಪಿಟೀಲನ್ನೂ ನುಡಿಸುತ್ತಿದ್ದ ಆ ಮುದುಕ. ಯೋಗದ ಪ್ರಶಂಸಾಪತ್ರದಲ್ಲಿ ಈ ಹೆಸರುಗಳಿಗೆ ಜಾಗವಿಲ್ಲ. ಯಾಕೆ ಇಲ್ಲ ಎಂಬುದನ್ನು ಓದುಗರು ಊಹಿಸಿಕೊಳ್ಳಬಹುದು.

ಇನ್ನು ಪಿಟೀಲಿನ ಮಾತು. ಎರಡು ಶತಮಾನಗಳ ಹಿಂದೆ ಬಾಲುಸ್ವಾಮಿ ದೀಕ್ಷಿತರು ಕೈಗೆತ್ತಿಕೊಂಡ ಈ ಪರದೇಶಿ ವಾದ್ಯವನ್ನು ದಕ್ಷಿಣದವರು ನೆಲದ ಮೇಲೆ ಕೂರಿಸಿ, ಎದೆಗೂ ಪಾದಕ್ಕೂ ಆನಿಸಿ ತಮ್ಮದು ಮಾಡಿಕೊಂಡರು. ನಮ್ಮ ತಿರುಮಕೂಡಲಿನ ಚೌಡಯ್ಯನವರು ನಾಲ್ಕು ತಂತಿ ಸಾಲದೆಂದು ಏಳು ಮಾಡಿದರು. ಯಾವ ವಾದ್ಯ ಯಾರದು ಎಂಬ ಗಡಿರೇಖೆ ಹಾಕುವವರು ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ನಿಂತಿರುವ ಚೌಡಯ್ಯ ಸ್ಮಾರಕ ಭವನದ ಮುಂದೆ ಒಂದು ಗಳಿಗೆ ನಿಲ್ಲಲಿ. (ವ್ಯರ್ಥಾಲಾಪಕ್ಕೆ ‘ಪಿಟೀಲು ಕುಯ್ಯುವುದು’ ಎನ್ನುವ ಮೈಸೂರು ಸೀಮೆಯ ಮಾತು ಮಾತ್ರ ಆ ವಾದ್ಯಕ್ಕೆ ನಾವು ಮಾಡಿದ ಅನ್ಯಾಯ.)

ಗುರುವಾಗಿ ಮೆನುಹಿನ್ ಮಾಡಿದ ಕೆಲಸಕ್ಕೆ ಬರೋಣ. 1963ರಲ್ಲಿ ಲಂಡನ್ನಿನಲ್ಲಿ ಮಕ್ಕಳಿಗಾಗಿ ಸಂಗೀತದ ಶಾಲೆ ತೆರೆದರು. ಮರುವರ್ಷ ಅದು ಸರ್ರೆ ಪ್ರಾಂತ್ಯದ ಸ್ಟೋಕ್ ಡಾಬರ್ನನ್ ಎಂಬ ಹಳ್ಳಿಗೆ ಹೋಯಿತು. ಅಲ್ಲೇ ಉಳಿದು, ಉಳಿದ ಪಾಠಗಳನ್ನೂ ಕಲಿಯುತ್ತ, ಜೊತೆಯ ಮಕ್ಕಳೊಂದಿಗೆ ಸೇರಿ ನುಡಿಸುವ ಶಾಲೆ. ತಮಗೆ ಸಿಗದೇ ಹೋದದ್ದನ್ನೆಲ್ಲ ಅವರು ಅಲ್ಲಿ ಇಟ್ಟಂತಿದೆ: ಓರಗೆಯ ಗೆಳೆಯರು, ದಿನಚರಿ, ಮೈಯ ಅರಿವು. 1971ರಲ್ಲಿ ಅವರು ಬರೆದ ಆರು ಪಾಠಗಳ ಪುಸ್ತಕ ಶುರುವಾಗುವುದು ಪಿಟೀಲಿನಿಂದಲ್ಲ; ನಿಲ್ಲುವುದು, ಚಾಚುವುದು, ಉಸಿರೆಳೆಯುವುದರಿಂದ. ಬೆಳ್ಳೂರಿನ ಗುರುವಿನ ಋಣ ಸಂದದ್ದು ಗಡಿಯಾರದಲ್ಲಿ ಮಾತ್ರವಲ್ಲ, ಇಲ್ಲಿ. 1977ರಲ್ಲಿ ‘ಲೈವ್ ಮ್ಯೂಸಿಕ್ ನೌ’ ಎಂಬ ಸಂಸ್ಥೆ ಕಟ್ಟಿ ಎಳೆಯ ಕಲಾವಿದರನ್ನು ಆಸ್ಪತ್ರೆ, ಜೈಲು, ವೃದ್ಧಾಶ್ರಮಗಳಿಗೆ ಕಳಿಸಿದರು. ಟಿಕೆಟು ಕೊಳ್ಳಲಾಗದವರ ಮುಂದೆ ನುಡಿಸಿ ಬಾರದೆ ಕಲಾವಿದನ ಓದು ಮುಗಿಯುವುದಿಲ್ಲ ಎಂಬುದು ಅವರ ಹಟ.

ಈ ಹಟ ಆರಾಮಕುರ್ಚಿಯಲ್ಲಿ ಹುಟ್ಟಿದ್ದಲ್ಲ. ಅದರ ಬೇರು ತಿಳಿಯಲು ಅವರ ಹೆಸರಿನ ಕಥೆ ಹೇಳಬೇಕು.

ತಮ್ಮ ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ಬಸುರಿ ಮಾರುತಾ ಮತ್ತು ಮೋಶೆ ನ್ಯೂಯಾರ್ಕಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದರು. ಮನೆ ಹಿಡಿಸಿತು, ಮಾತು ಮುಗಿಯಿತು. ಬೀಳ್ಕೊಡುವಾಗ ಮನೆಯೊಡತಿ ಖುಷಿಪಡಿಸಲೆಂದು, ನಾನು ಯಹೂದಿಗಳಿಗೆ ಮನೆ ಕೊಡುವವಳಲ್ಲ ಎಂದಳು. ದಂಪತಿಗಳು ಆ ಮನೆ ಬಿಟ್ಟು ಬೇರೆಡೆ ಹೋದರು. ಆದರೆ ತಾಯಿ ಅಂದೇ ಶಪಥ ಮಾಡಿದಳು: ಹುಟ್ಟುವ ಮಗು ತನ್ನ ಕುಲವನ್ನು ಹೆಸರಿನಲ್ಲೇ ಹೊತ್ತು ತಿರುಗಬೇಕು. ಹಾಗಾಗಿ ‘ಯೆಹೂದಿ’. ಹೀಬ್ರೂವಿನಲ್ಲಿ ಆ ಪದಕ್ಕೆ ಯಹೂದಿ ಎಂದೇ ಅರ್ಥ.

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಮುಸ್ಲಿಮರಿಗೆ ಈ ಪ್ರಸಂಗವನ್ನು ಬಿಡಿಸಿ ಹೇಳಬೇಕಾಗಿಲ್ಲ. ಫೋನಿನಲ್ಲಿ ಬಾಡಿಗೆ, ಅಡ್ವಾನ್ಸು, ನೀರಿನ ಮಾತೆಲ್ಲ ಮುಗಿದು ಕೊನೆಗೆ ‘ಹೆಸರೇನಂದ್ರಿ?’ ಎಂದು ಕೇಳಿದ ಮೇಲೆ ಆ ಮನೆ ಇದ್ದಕ್ಕಿದ್ದಂತೆ ‘ಆಗಲೇ ಬೇರೆಯವರಿಗೆ ಆಗಿಹೋಯ್ತಲ್ಲ’ ಆಗುವುದನ್ನು ನಾವು ಬಲ್ಲೆವು. ಇದರಿಂದ ಬೇಸತ್ತು ಮಕ್ಕಳಿಗೆ ಎರಡೂ ಕಡೆ ಸಲ್ಲುವ ಸಮೀರನಂಥ ಹೆಸರು ಹುಡುಕುವ ತಾಯಿತಂದೆಯರೂ ನಮ್ಮ ನಡುವೆ ಇದ್ದಾರೆ. ಅವರನ್ನು ನಾವು ದೂರುವುದಿಲ್ಲ. ಆದರೆ ಮಾರುತಾಳ ಉತ್ತರ ಬೇರೆಯಿತ್ತು ಎಂಬುದನ್ನು ಅವರು ತಿಳಿದಿದ್ದರೆ ಒಳ್ಳೆಯದು.

ಇಷ್ಟು ಹೇಳಿದ ಮೇಲೆ ನಮ್ಮವರಿಗೂ ಒಂದು ಮಾತು ಹೇಳದೆ ಬಿಡುವುದು ಅಪ್ರಾಮಾಣಿಕವಾದೀತು. ನಮ್ಮ ಮೊಹಲ್ಲಾಗಳ ಚಹದಂಗಡಿಗಳಲ್ಲಿ, ಈಗ ಮೊಬೈಲಿನ ಗುಂಪುಗಳಲ್ಲಿ, ‘ಯಹೂದಿ’ ಎಂಬುದು ಒಂದು ಜನಾಂಗದ ಹೆಸರಾಗಿ ಉಳಿದಿಲ್ಲ, ಬೈಗುಳವಾಗಿದೆ. ಬೆಲೆ ಏರಿದರೆ ಅವರ ಪಿತೂರಿ, ಲಸಿಕೆ ಬಂದರೆ ಅವರ ಪಿತೂರಿ. 2023ರ ಅಕ್ಟೋಬರ್ 7ರಂದು ಹಮಾಸಿನವರು ಕೊಂದವರಲ್ಲಿ ಸಂಗೀತೋತ್ಸವಕ್ಕೆಂದು ಬಂದಿದ್ದ ನೂರಾರು ಹುಡುಗ ಹುಡುಗಿಯರಿದ್ದರು. ಅದಾದ ಮೇಲೆ ಗಾಜಾದಲ್ಲಿ ಸತ್ತವರಲ್ಲಿ ಸಾವಿರ ಸಾವಿರ ಮಕ್ಕಳಿದ್ದಾರೆ. ಎರಡನೆಯದನ್ನು ಕಂಡು ಕುದಿಯುವ ರಕ್ತಕ್ಕೆ ಮೊದಲನೆಯದು ಕಾಣದಿದ್ದರೆ ಆ ಕುದಿಗೆ ನ್ಯಾಯ ಎಂಬ ಹೆಸರು ಸಲ್ಲುವುದಿಲ್ಲ. ಆ ಮನೆಯೊಡತಿಯ ಬಾಯಲ್ಲಿದ್ದ ಪದವನ್ನೇ ನಾವು ಅದೇ ದನಿಯಲ್ಲಿ ಆಡುತ್ತ, ನಮಗೆ ಮನೆ ಕೊಡದವರನ್ನು ಯಾವ ಬಾಯಿಂದ ಪ್ರಶ್ನಿಸುವುದು?

ಮೆನುಹಿನ್ ಈ ಹೆಸರು ಹೊತ್ತು ಎಲ್ಲಿಗೆಲ್ಲ ಹೋದರು ನೋಡಿ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ, ಬರ್ಲಿನ್ ಫಿಲ್‌ಹಾರ್ಮೋನಿಕ್‌ನ ನಿರ್ದೇಶಕ ಫುರ್ಟ್‌ವೆಂಗ್ಲರ್ ಜರ್ಮನಿಗೆ ಬಂದು ನುಡಿಸುವಂತೆ ಕರೆದಾಗ ಹದಿನೇಳರ ಹುಡುಗ ಒಲ್ಲೆನೆಂದ. ಅವನ ಗುರು ಅಡಾಲ್ಫ್ ಬುಶ್ ಯಹೂದಿಯಲ್ಲ, ಅಪ್ಪಟ ಜರ್ಮನ್. ಅವನೂ ಅದೇ ವರ್ಷ ತನ್ನ ತಾಯ್ನಾಡಿನಲ್ಲಿ ನುಡಿಸುವುದನ್ನು ನಿಲ್ಲಿಸಿದ. 1945ರ ಜುಲೈನಲ್ಲಿ ಮೆನುಹಿನ್, ಸಂಗೀತಕಾರ ಬೆಂಜಮಿನ್ ಬ್ರಿಟನ್ನನನ್ನು ಪಿಯಾನೊಗೆ ಕೂರಿಸಿಕೊಂಡು ಬರ್ಗನ್-ಬೆಲ್ಸನ್ ಯಾತನಾ ಶಿಬಿರದಲ್ಲಿ ಬದುಕುಳಿದವರ ಮುಂದೆ ನುಡಿಸಿದರು. ಆ ಕಣ್ಣುಗಳನ್ನು ನೋಡಿ ಬಂದ ಎರಡು ವರ್ಷಕ್ಕೆ, 1947ರಲ್ಲಿ, ಬರ್ಲಿನ್ನಿಗೆ ಹೋಗಿ ಅದೇ ಫುರ್ಟ್‌ವೆಂಗ್ಲರ್ ಜೊತೆ ಬೀಥೋವನ್ ನುಡಿಸಿದರು. ಹತ್ಯಾಕಾಂಡದ ನಂತರ ಜರ್ಮನಿಯಲ್ಲಿ ಹಾಗೆ ನುಡಿಸಿದ ಮೊದಲ ಪ್ರಮುಖ ಯಹೂದಿ ಕಲಾವಿದ ಅವರು.

ಸ್ವಂತ ಜನ ಸಿಡಿದೆದ್ದರು. ಬರ್ಲಿನ್ನಿನ ನಿರಾಶ್ರಿತ ಯಹೂದಿಗಳು ತಮಗಾಗಿಯೇ ಏರ್ಪಡಿಸಿದ್ದ ಕಛೇರಿಯನ್ನು ಬಹಿಷ್ಕರಿಸಿದರು. ಮೆನುಹಿನ್ ಅವರ ಶಿಬಿರಕ್ಕೇ ಹೋಗಿ, ಕೂಗಾಡುವ ಸಭೆಯ ಮುಂದೆ ನಿಂತು ಉತ್ತರ ಕೊಟ್ಟರು. 1949ರಲ್ಲಿ ಶಿಕಾಗೊ ಆರ್ಕೆಸ್ಟ್ರಾ ಫುರ್ಟ್‌ವೆಂಗ್ಲರನನ್ನು ಕರೆದಾಗ ರೂಬಿನ್‌ಸ್ಟೈನ್, ಹೊರೊವಿಟ್ಜ್‌ರಂಥವರು ವಿರೋಧಿಸಿದರೆ ಇವರು ಆತನ ಪರ ನಿಂತರು. 1950ರಲ್ಲಿ ಇಸ್ರೇಲಿಗೆ ಹೋದಾಗ ಕಾವಲಿನ ನಡುವೆ ನುಡಿಸಬೇಕಾಯಿತು.

ಬದುಕುಳಿದವರ ಕೋಪವನ್ನು ತಪ್ಪೆನ್ನಲು ನಾವು ಯಾರು? ಫುರ್ಟ್‌ವೆಂಗ್ಲರ್ ನಾಜಿ ಪಕ್ಷ ಸೇರಲಿಲ್ಲ, ಕೆಲವು ಯಹೂದಿ ವಾದಕರನ್ನು ಕಾಪಾಡಿದ, ವಿಚಾರಣೆಯಲ್ಲಿ ಬಿಡುಗಡೆಯಾದ ಎಂಬುದೆಲ್ಲ ಸರಿ. ಹಾಗೆಯೇ ಆತ ಕೊನೆಯವರೆಗೆ ಅಲ್ಲೇ ಉಳಿದು ಆ ಆಡಳಿತಕ್ಕೆ ಮೆರುಗು ಕೊಟ್ಟ ಎಂಬುದೂ ಸರಿ. ಇದು ತೀರದ ವಾದ. ನಾವು ಹೇಳಬೇಕೆಂದಿರುವುದು ಬೇರೆ. ‘ಕಲೆಗೆ ರಾಜಕೀಯವಿಲ್ಲ, ಮೆನುಹಿನ್ನರನ್ನು ನೋಡಿ’ ಎಂದು ನಮ್ಮ ಸಭೆಗಳಲ್ಲಿ ಕೆಲವರು ಉದಾಹರಣೆ ಕೊಡುವುದುಂಟು. ಅವರು ತಾರೀಖುಗಳನ್ನು ನೋಡಿಲ್ಲ. ಜರ್ಮನಿ ಬಲಿಷ್ಠವಾಗಿದ್ದು ಚಿನ್ನದ ತಟ್ಟೆ ಹಿಡಿದು ಕರೆದಾಗ ಈ ಮನುಷ್ಯ ಹೋಗಲಿಲ್ಲ. ಅದು ಸೋತು, ಇಟ್ಟಿಗೆಯ ರಾಶಿಯಾಗಿ, ಅನ್ನವಿಲ್ಲದೆ ಬಿದ್ದಿದ್ದಾಗ ಹೋದರು. ಕಲಾವಿದ ಅಧಿಕಾರದ ದರಬಾರಿಗೆ ಹೋಗುವುದಕ್ಕೂ ಸೋತವರ ಬೀದಿಗೆ ಹೋಗುವುದಕ್ಕೂ ವ್ಯತ್ಯಾಸವಿಲ್ಲ ಎನ್ನುವವರು ಒಂದೋ ಮೂರ್ಖರು, ಇಲ್ಲವೇ ಮುಂದಿನ ಪ್ರಶಸ್ತಿಗೆ ಅರ್ಜಿ ಬರೆಯುತ್ತಿರುವವರು.

ಇದೇ ಸೂತ್ರ ಹಿಡಿದು ಹೋದರೆ ಉಳಿದದ್ದೂ ಅರ್ಥವಾಗುತ್ತದೆ. 1950ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದಾಗ ಬಿಳಿಯರ ಸಭಾಂಗಣಗಳಲ್ಲಿ ನುಡಿಸಿದ್ದು ಸಾಲದೆಂದು ಕಪ್ಪುಜನರ ಮುಂದೆಯೂ ನುಡಿಸಿದರು. 1971ರಲ್ಲಿ ಅಂತರರಾಷ್ಟ್ರೀಯ ಸಂಗೀತ ಮಂಡಳಿಯ ಅಧ್ಯಕ್ಷರಾಗಿ ಮಾಸ್ಕೊದಲ್ಲೇ ನಿಂತು, ಅಲ್ಲಿನ ಸರ್ಕಾರಕ್ಕೆ ಕೇಳಿಸಬಾರದಾಗಿದ್ದ ಸೋಲ್ಝೆನಿತ್ಸಿನ್ ಎಂಬ ಹೆಸರನ್ನು ಹೇಳಿದರು. ಭಾರತ ಕೊಡುವ ಅಂತರರಾಷ್ಟ್ರೀಯ ಸೌಹಾರ್ದದ ನೆಹರೂ ಪ್ರಶಸ್ತಿ 1968ನೇ ಸಾಲಿಗೆ ಅವರಿಗೆ ಸಂದಿತು. ಹಿಂದಿನ ಸಾಲಿನದು ಸಂದದ್ದು ಸರಹದ್ದಿನ ಖಾನ್ ಅಬ್ದುಲ್ ಗಫಾರ್ ಖಾನರಿಗೆ. ಒಬ್ಬ ಯಹೂದಿ, ಒಬ್ಬ ಪಠಾಣ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ.

ಕೊನೆಗೆ 1991. ಇಸ್ರೇಲಿನ ವುಲ್ಫ್ ಪ್ರಶಸ್ತಿ ಸ್ವೀಕರಿಸಲು ಮೆನುಹಿನ್ ಜೆರುಸಲೇಮಿನ ಸಂಸತ್ತು ಕ್ನೆಸೆಟ್‌ಗೆ ಹೋದರು. ಎಪ್ಪತ್ತೈದರ ಹಿರಿಯ, ಹೆಸರಲ್ಲೇ ಕುಲ ಹೊತ್ತವರು, ಒಂದೆರಡು ಸಿಹಿ ಮಾತಾಡಿ ಬರಬಹುದಿತ್ತು. ಆದರೆ ಅವರು ಆಡಿದ್ದು, ಒಂದು ಜನತೆಯನ್ನು ಭಯದಿಂದ ಆಳುವುದು, ಅವರ ಮಾನವನ್ನು ತುಳಿಯುವುದು, ಉಸಿರುಗಟ್ಟಿಸುವುದು, ಅಂಥದೇ ಯಾತನೆಯನ್ನು ಸ್ವತಃ ಉಂಡ ಜನಕ್ಕೆ ತಕ್ಕುದಲ್ಲ ಎಂಬ ಮಾತು. ಆಕ್ರಮಿತ ಪ್ಯಾಲೆಸ್ತೀನನ್ನು ಕುರಿತು, ಆಕ್ರಮಿಸಿದವರ ಸಂಸತ್ತಿನ ಒಳಗೇ. ಅವರ ತಂದೆ ಮೋಶೆ ಬಾಲ್ಯವನ್ನು ಪ್ಯಾಲೆಸ್ತೀನಿನಲ್ಲಿ ಕಳೆದು, ಮುಂದೆ 1965ರಲ್ಲಿ ಜಿಯೋನಿಸಂ ವಿರುದ್ಧ ಕಟು ಪುಸ್ತಕವನ್ನೇ ಬರೆದವರು. ಮಗ ಅಪ್ಪನ ಹಾಗಲ್ಲ. ಇಸ್ರೇಲನ್ನು ಪ್ರೀತಿಸಿದವರು, ಅಲ್ಲಿ ಮತ್ತೆ ಮತ್ತೆ ನುಡಿಸಿದವರು. ಆದ್ದರಿಂದಲೇ ಆ ಮಾತಿಗೆ ತೂಕ. ಹದಿಮೂರು ವರ್ಷದ ಮೇಲೆ, 2004ರಲ್ಲಿ, ಅದೇ ಪ್ರಶಸ್ತಿ ಪಡೆಯಲು ಅದೇ ಕ್ನೆಸೆಟ್‌ಗೆ ಬಂದ ಪಿಯಾನೊ ವಾದಕ ಡೇನಿಯಲ್ ಬಾರೆನ್‌ಬಾಯ್ಮ್, ಇಸ್ರೇಲಿನ ಸ್ವಾತಂತ್ರ್ಯ ಘೋಷಣೆಯನ್ನೇ ಓದಿ ನಿಮ್ಮ ಆಕ್ರಮಣ ಇದಕ್ಕೆ ಒಪ್ಪುತ್ತದೆಯೇ ಎಂದು ಕೇಳಿದರು. ಮಂತ್ರಿಣಿಯೊಬ್ಬರು ವೇದಿಕೆಯಿಂದಲೇ ಅವರನ್ನು ಖಂಡಿಸಿದರು.

ಇಬ್ಬರೂ ಯಹೂದಿಗಳು ಎಂಬುದನ್ನು ಚಹದಂಗಡಿಯ ಗೆಳೆಯರು ಗಮನಿಸಲಿ. ಇಬ್ಬರೂ ಕಲಾವಿದರು ಎಂಬುದನ್ನು, ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿ ಹೊರಬೀಳುವ ಹೊತ್ತಿಗೆ ನಾಲಿಗೆ ಕಟ್ಟಿಕೊಳ್ಳುವ ನಮ್ಮ ಸಾಹಿತಿ ಕಲಾವಿದರು ಗಮನಿಸಲಿ.

ಮೆನುಹಿನ್ನರನ್ನು ಪೀರರ ಸಾಲಿಗೆ ಸೇರಿಸುವ ಉದ್ದೇಶ ನಮಗಿಲ್ಲ. ಒಳ್ಳೆಯ ಮಾತು, ಒಳ್ಳೆಯ ಸಂಗೀತ ಇಷ್ಟರಿಂದಲೇ ಜಗತ್ತು ದಾರಿಗೆ ಬರುತ್ತದೆಂಬ ನಂಬಿಕೆ ಅವರಲ್ಲಿ ಮಗುವಿನಂತೆ ಉಳಿದಿತ್ತು. ಬ್ರಿಟನ್ನಿನ ಪೌರರಾಗಿ 1993ರಲ್ಲಿ ಲಾರ್ಡ್ ಪದವಿಯನ್ನೂ ಹೊತ್ತರು. ರವಿಶಂಕರ್ ಜೊತೆ ಮಾಡಿದ, ಗ್ರಾಮಿ ಪ್ರಶಸ್ತಿ ಗೆದ್ದ ‘ವೆಸ್ಟ್ ಮೀಟ್ಸ್ ಈಸ್ಟ್’ ಧ್ವನಿಮುದ್ರಿಕೆಯಲ್ಲಿ ಅವರ ಪಿಟೀಲು ರಾಗದ ಅಂಗಳದಲ್ಲಿ ಚಪ್ಪಲಿ ಬಿಟ್ಟು ನಡೆಯುವ ಹೊಸಬನ ಹಾಗೆ ಅಳುಕುತ್ತದೆ; ಉಸ್ತಾದ್ ಅಲ್ಲಾ ರಖಾರ ತಬಲಾ ಅದನ್ನು ಕೈ ಹಿಡಿದು ನಡೆಸುತ್ತದೆ. ಬಲ್ಲವರು ನಕ್ಕಿದ್ದಾರೆ. ನಮಗೆ ಮಾತ್ರ ಐವತ್ತರ ಹರೆಯದ ಜಗತ್ಪ್ರಸಿದ್ಧ ಶಾಗಿರ್ದ್ ಒಬ್ಬ ಎಲ್ಲರೆದುರು ತಡವರಿಸಲು ಒಪ್ಪಿಕೊಂಡದ್ದೇ ಆ ರೆಕಾರ್ಡಿನಲ್ಲಿ ಕೇಳುವಂಥದು.

ಅವರು ತೀರಿಕೊಂಡದ್ದು 1999ರ ಮಾರ್ಚ್ 12ರಂದು, ಬರ್ಲಿನ್ನಿನಲ್ಲಿ. ಮಣ್ಣಾದದ್ದು ಸ್ಟೋಕ್ ಡಾಬರ್ನನ್ನಿನಲ್ಲಿ, ತಾವು ಕಟ್ಟಿದ ಶಾಲೆಯ ಅಂಗಳದಲ್ಲಿ.

ಆ ಶಾಲೆಯಲ್ಲಿ ಏಳು ವರ್ಷದ ಹುಡುಗನಾಗಿ ಸೇರಿದ್ದವನು ನೈಜೆಲ್ ಕೆನಡಿ. ಮುಂದೆ ಕೂದಲು ಕೆದರಿಕೊಂಡು, ಶಿಷ್ಟರ ಹುಬ್ಬೇರಿಸಿ, ವಿವಾಲ್ಡಿಯ ‘ಫೋರ್ ಸೀಸನ್ಸ್’ ಧ್ವನಿಮುದ್ರಿಕೆಯನ್ನು ಲಕ್ಷಗಟ್ಟಲೆ ಮಾರಿದ ಪಿಟೀಲುಗಾರ ಆತ. 2013ರ ಆಗಸ್ಟಿನಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ಪ್ಯಾಲೆಸ್ತೀನಿನ ಎಳೆಯ ವಾದಕರ ತಂಡವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಆತ ಅದೇ ವಿವಾಲ್ಡಿಯನ್ನು ನುಡಿಸಿದ. ನಡುವೆ ಆ ಮಕ್ಕಳ ನಾಡಿನ ವರ್ಣಭೇದದ ಬಗ್ಗೆ ಒಂದೆರಡು ವಾಕ್ಯ ಹೇಳಿದ. ಸಭೆ ಕೈ ತಟ್ಟಿತು. ಕೆಲವು ದಿನಗಳ ನಂತರ ಬಿಬಿಸಿ ಆ ಕಛೇರಿಯನ್ನು ಟಿವಿಯಲ್ಲಿ ತೋರಿಸಿದಾಗ ಆ ವಾಕ್ಯಗಳನ್ನು ಕತ್ತರಿಸಿ, ಪಿಟೀಲನ್ನು ಮಾತ್ರ ಉಳಿಸಿಕೊಂಡಿತು.